ಬೆಂಕಿಗೆ ನಿಂತ ಸುರಂಗ, ಬಾಗಿದ ಸೇತುವೆ

ಉತ್ತರ ಇಂಗ್ಲೆಂಡಿನಲ್ಲಿ ಮ್ಯಾಂಚೆಸ್ಟರ್ ನಗರಕ್ಕೂ ಲೀಡ್ಸ್ ನಗರಕ್ಕೂ ನಡುವೆ ಪೆನೈನ್ ಬೆಟ್ಟಸಾಲು ಅಡ್ಡ ಮಲಗಿದೆ. ಅಲ್ಲಿನ ಹುಲ್ಲುಗುಡ್ಡವೊಂದರ ಮೇಲೆ ದೊಡ್ಡ ಬಾವಿಕಟ್ಟೆಗಳಂಥ ದುಂಡನೆಯ ಕಟ್ಟಡಗಳು ಸಾಲಾಗಿ ಕಾಣುತ್ತವೆ. ಇವುಗಳಲ್ಲಿ ನೀರಿಲ್ಲ. ಬಹು ಆಳದಲ್ಲಿ ರೈಲು ಓಡುತ್ತದೆ. 1984ರ ಡಿಸೆಂಬರ್ 20ರ ಬೆಳಿಗ್ಗೆ ಈ ಬಾವಿಗಳಲ್ಲಿ ಎರಡು ಬೆಂಕಿ ಕಾರತೊಡಗಿದವು. ನೆಲದಿಂದ 45 ಮೀಟರು ಎತ್ತರಕ್ಕೆ ಜ್ವಾಲೆಯ ಕಂಬಗಳು ಎದ್ದು ನಿಂತವು. ಕಾದು ಕೆಂಪಗಾದ ಇಟ್ಟಿಗೆ ಚೂರುಗಳು ಗುಡ್ಡದ ಮೇಲೆ ಮಳೆಯಂತೆ ಬಿದ್ದು ಹುಲ್ಲಿಗೂ ಬೆಂಕಿ ತಗುಲಿತು. ಪಕ್ಕದ ಹೆದ್ದಾರಿಯನ್ನು ಮುಚ್ಚಬೇಕಾಯಿತು.

ಕೆಳಗೆ, ಸಮಿಟ್ ಸುರಂಗ ಎಂದು ಹೆಸರಾದ ರೈಲು ಸುರಂಗದೊಳಗೆ, ಹತ್ತು ಲಕ್ಷ ಲೀಟರಿಗೂ ಮಿಕ್ಕ ಪೆಟ್ರೋಲು ಹೊತ್ತು ಹೊರಟಿದ್ದ ಗೂಡ್ಸ್ ರೈಲು ಹಳಿ ತಪ್ಪಿತ್ತು.

ರೈಲು, ಪೆಟ್ರೋಲು, ಬೆಂಕಿ ಈ ಮೂರೂ ಒಂದೆಡೆ ಸೇರಿದಾಗ ಸುದ್ದಿಯಾಗುವುದು ಜ್ವಾಲೆ ಮತ್ತು ಹೊಗೆ. ಬೆಂಕಿ ಆರಿದ ಮೇಲೆ ಪತ್ರಿಕೆಯವರೂ ಹೊರಟುಹೋಗುತ್ತಾರೆ. ಎಂಜಿನಿಯರುಗಳ ಕೆಲಸ ಆರಂಭವಾಗುವುದು ಆಮೇಲೆ. ಸೇತುವೆ ನಿಂತಿದೆ, ಸರಿ. ಆದರೆ ಅದರ ಮೇಲೆ ನಾಳೆ ರೈಲು ಬಿಡಬಹುದೇ? ಹಳಿ ನೆಟ್ಟಗೆ ಕಾಣುತ್ತದೆ. ಅದು ನಿಜಕ್ಕೂ ಮೊದಲಿನ ಹಳಿಯೇ? ಕಣ್ಣಿಗೆ ಕಂಡದ್ದನ್ನು ನಂಬಿ ಉತ್ತರ ಹೇಳಲಾಗದ ಪ್ರಶ್ನೆಗಳಿವು. ಬೆಂಕಿಯ ವಿಷಯದಲ್ಲಿ ಇಟ್ಟಿಗೆ, ಕಲ್ಲು, ಕಬ್ಬಿಣ, ಕಾಂಕ್ರೀಟು ಒಂದೊಂದರದೂ ಒಂದೊಂದು ಸ್ವಭಾವ. ಆ ಸ್ವಭಾವಗಳು ಎಷ್ಟು ಬೇರೆ ಬೇರೆ ಎಂಬುದಕ್ಕೆ ಬ್ರಿಟನ್ನಿನ ರೈಲು ಇತಿಹಾಸದಲ್ಲಿ ಒಂದು ವಿಚಿತ್ರ ಜೋಡಿ ಉದಾಹರಣೆ ಇದೆ. ಒಂದು ತಂದೆ ಕಟ್ಟಿಸಿದ ಇಟ್ಟಿಗೆಯ ಸುರಂಗ. ಇನ್ನೊಂದು ಮಗ ಕಟ್ಟಿಸಿದ ಕಬ್ಬಿಣದ ಸೇತುವೆ.

ತಂದೆ ಜಾರ್ಜ್ ಸ್ಟೀಫನ್‌ಸನ್. ರೈಲಿನ ಪಿತಾಮಹ ಎಂದು ಶಾಲೆಯ ಪಾಠದಲ್ಲಿ ಓದಿದ ಹೆಸರು. ಮ್ಯಾಂಚೆಸ್ಟರ್-ಲೀಡ್ಸ್ ಮಾರ್ಗಕ್ಕಾಗಿ ಈ ಸುರಂಗದ ಕೆಲಸ ಶುರುವಾದದ್ದು 1838ರಲ್ಲಿ. ಸ್ಥಳದಲ್ಲಿ ನಿಂತು ಮಾಡಿಸಿದವನು ಆತನ ಸಹಾಯಕ ಥಾಮಸ್ ಗೂಚ್. ಬೆಟ್ಟದ ಎರಡು ಬದಿಯಿಂದ ಮಾತ್ರ ಕೊರೆಯುತ್ತ ಹೋದರೆ ಕಾಲ ಸಾಲದೆಂದು ಮೇಲಿನಿಂದ 14 ಬಾವಿಗಳನ್ನು ತೋಡಿ, ಪ್ರತಿಯೊಂದರ ತಳದಿಂದಲೂ ಎರಡೂ ದಿಕ್ಕಿಗೆ ಅಗೆದರು. ಡೈನಮೈಟ್ ಇನ್ನೂ ಹುಟ್ಟಿರಲಿಲ್ಲ. ಗುದ್ದಲಿ, ಉಳಿ, ಸಿಡಿಮದ್ದು, ಮೋಂಬತ್ತಿಯ ಬೆಳಕು ಇಷ್ಟೇ ಸಾಧನ. ಒಳಗೋಡೆಗೆ ಸುಮಾರು 2 ಕೋಟಿ 30 ಲಕ್ಷ ಇಟ್ಟಿಗೆ ಹಿಡಿದವು. 1841ರಲ್ಲಿ ಮುಗಿದಾಗ ಸುಮಾರು 2.6 ಕಿಲೋಮೀಟರಿನ ಈ ಸುರಂಗ ಜಗತ್ತಿನ ಅತ್ಯಂತ ಉದ್ದದ ರೈಲು ಸುರಂಗವಾಗಿತ್ತು. ಇದು ಕುಸಿದೀತು ಎಂದು ಗುಸುಗುಸು ಹಬ್ಬಿದಾಗ, ಬೇಕಾದರೆ ತನ್ನ ತಲೆಯನ್ನೇ ಪಣವಿಡುತ್ತೇನೆ ಎಂಬರ್ಥದ ಮಾತನ್ನು ಸ್ಟೀಫನ್‌ಸನ್ ಆಡಿದ್ದನಂತೆ.

ಆ ಪಣದ ಪರೀಕ್ಷೆ ನಡೆದದ್ದು 143 ವರ್ಷಗಳ ನಂತರ.

ಅಂದು ಬೆಳಿಗ್ಗೆ ಆರು ಗಂಟೆಗೆ ಸ್ವಲ್ಪ ಮುಂಚೆ 13 ಟ್ಯಾಂಕರುಗಳ ರೈಲು ಸುರಂಗ ಹೊಕ್ಕಿತು. ವೇಗ ಗಂಟೆಗೆ ಸುಮಾರು 65 ಕಿಲೋಮೀಟರು. ನಾಲ್ಕನೆಯ ಟ್ಯಾಂಕರಿನ ಅಚ್ಚಿನ ಬೇರಿಂಗು ಕೆಟ್ಟು ಅದು ಹಳಿ ಬಿಟ್ಟಿತು. ಹಿಂದಿನವು ಅದಕ್ಕೆ ಡಿಕ್ಕಿ ಹೊಡೆದು ಹಳಿ ಕಳೆದುಕೊಂಡವು. ಒಂದು ಮಗ್ಗುಲಾಗಿ ಉರುಳಿ ಪೆಟ್ರೋಲು ಸೋರತೊಡಗಿತು. ಬಿಸಿಯಾಗಿದ್ದ ಅಚ್ಚಿನ ಪೆಟ್ಟಿಗೆಯೇ ಕಿಡಿ ಕೊಟ್ಟಿರಬೇಕು. ರೈಲಿನ ಮೂವರು ಸಿಬ್ಬಂದಿ ಇಳಿದು ನೋಡಿದಾಗ ಬೆಂಕಿ ಟ್ಯಾಂಕರುಗಳ ಮೇಲಲ್ಲ, ಪಕ್ಕದ ಹಳಿಯ ಜಲ್ಲಿಕಲ್ಲಿನ ಸಂದಿಗಳಲ್ಲಿ ಹರಿದುಬರುತ್ತಿತ್ತು. ಕತ್ತಲಲ್ಲಿ ಸುಮಾರು ಒಂದು ಮೈಲಿ ಓಡಿ ದಕ್ಷಿಣ ಬಾಯಿಯ ಬಳಿಯ ಟೆಲಿಫೋನಿನಿಂದ ಸಿಗ್ನಲ್‌ನವರಿಗೆ ಸುದ್ದಿ ಮುಟ್ಟಿಸಿದರು.

ಇಲ್ಲಿ ಒಂದು ಸಂಗತಿ ಹೇಳದೆ ಮುಂದೆ ಹೋಗುವಂತಿಲ್ಲ. ಅಗ್ನಿಶಾಮಕ ದಳದವರು ಬಂದ ಮೇಲೆ ಈ ರೈಲಿನ ಸಿಬ್ಬಂದಿ ಅದೇ ಸುರಂಗಕ್ಕೆ ಮತ್ತೆ ಹೊಕ್ಕರು. ಹಳಿಯ ಮೇಲೆ ಉಳಿದಿದ್ದ ಮೊದಲ ಮೂರು ಟ್ಯಾಂಕರುಗಳ ಕೊಂಡಿ ಬಿಡಿಸಿ, ಎಂಜಿನ್ನಿನೊಂದಿಗೆ ಅವನ್ನು ಹೊರಗೆ ಎಳೆದುತಂದರು. ಹಿಂದೆ ಹತ್ತು ಟ್ಯಾಂಕರು ಉರಿಯುವ ಸ್ಥಿತಿಯಲ್ಲಿದ್ದಾಗ ಮಾಡಿದ ಕೆಲಸ ಅದು.

ಬೆಳಿಗ್ಗೆ ಒಂಬತ್ತು ಮುಕ್ಕಾಲರ ಸುಮಾರಿಗೆ ಕಾದ ಟ್ಯಾಂಕರೊಂದರ ಒತ್ತಡದ ಕವಾಟ ತೆರೆದು ಆವಿ ನುಗ್ಗಿತು. ಅದಕ್ಕೆ ಬೆಂಕಿ ಹತ್ತಿ ಜ್ವಾಲೆ ನೇರವಾಗಿ ಗೋಡೆಗೆ ಅಪ್ಪಳಿಸಿ ಎರಡೂ ಕಡೆಗೆ ಹಬ್ಬಿತು. ಒಳಗಿದ್ದ ಅಗ್ನಿಶಾಮಕರು ಹಿಂದೆ ಸರಿಯಲು ನಿರ್ಧರಿಸಿ ಹೊರಬಂದರು. ಸ್ವಲ್ಪದರಲ್ಲೇ ಮೊದಲ ಸ್ಫೋಟ. ಆಮೇಲಿನದು ಮನುಷ್ಯರ ಕೈಮೀರಿದ ವ್ಯವಹಾರ. ಇಂಧನ ಎಷ್ಟಿತ್ತೆಂದರೆ ಅದು ಪೂರ್ತಿ ಉರಿಯುವಷ್ಟು ಗಾಳಿ ಸುರಂಗದಲ್ಲಿ ಇರಲಿಲ್ಲ. ಅರೆಬೆಂದ ಅನಿಲ 8 ಮತ್ತು 9ನೆಯ ಬಾವಿಗಳ ಮೂಲಕ ಮೇಲೆ ನುಗ್ಗಿ, ಹೊರಗಿನ ಗಾಳಿ ಸಿಕ್ಕಿದೊಡನೆ ಭಗ್ಗನೆ ಉರಿಯಿತು. ಗುಡ್ಡದ ಮೇಲೆ ಕಂಡದ್ದು ಈ ಉರಿ. ಆ ಬಾವಿಗಳಲ್ಲಿ ಅನಿಲದ ವೇಗ ಸೆಕೆಂಡಿಗೆ 50 ಮೀಟರಿನಷ್ಟು ಇತ್ತೆಂದು ಅಂದಾಜು. ಬೆಂಕಿಯಿಂದ ದೂರದ ಬಾವಿಗಳಿಗೆ ನೊರೆ ತುಂಬಿ ಗಾಳಿ ತಡೆದ ಮೇಲೆ, ಮರುದಿನ ಮಧ್ಯಾಹ್ನದ ಹೊತ್ತಿಗೆ ದೊಡ್ಡ ಉರಿ ಅಡಗಿತು. ಅಗ್ನಿಶಾಮಕ ದಳ ಪೂರ್ತಿಯಾಗಿ ಜಾಗ ಬಿಟ್ಟದ್ದು ಜನವರಿ 7ರಂದು. ಯಾರೂ ಸಾಯಲಿಲ್ಲ.

ಒಳಗೆ ಹೋಗಿ ನೋಡಿದವರಿಗೆ ಸುರಂಗ ಕುಸಿದಿರುತ್ತದೆ ಎಂಬ ನಿರೀಕ್ಷೆಯೇ ಇದ್ದೀತು. ಕಂಡದ್ದು ಬೇರೆ. ಬೆಂಕಿಯ ಮಧ್ಯಭಾಗದಲ್ಲಿ ಮತ್ತು ಆ ಎರಡು ಬಾವಿಗಳಲ್ಲಿ ಇಟ್ಟಿಗೆ ಕರಗಿ ಗಾಜಿನಂತೆ ಹರಿದು ಹೆಪ್ಪುಗಟ್ಟಿತ್ತು. 9ನೆಯ ಬಾವಿಯ ಸುತ್ತಲಿನ ಹುಲ್ಲಿನಲ್ಲಿ ಸಣ್ಣ ಲೋಹದ ಮಣಿಗಳು ಸಿಕ್ಕಿದವು. ಟ್ಯಾಂಕರಿನ ಗೋಡೆ ಕರಗಿ, ಗಾಳಿಯಲ್ಲಿ ತೇಲಿ, ಮೇಲೆ ಬಂದು ಬಿದ್ದ ಹನಿಗಳವು. ಉಕ್ಕು ಕರಗಬೇಕಾದರೆ 1500 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು ಶಾಖ ಬೇಕು ಎಂಬುದನ್ನು ನೆನೆದರೆ ಒಳಗಿನ ಸ್ಥಿತಿ ಊಹೆಗೆ ಬರುತ್ತದೆ. ಇಷ್ಟಾದರೂ ಇಟ್ಟಿಗೆ ಗೋಡೆಯ ಬಹುಭಾಗ ಕಪ್ಪಾಗಿತ್ತೇ ಹೊರತು ಕೆಟ್ಟಿರಲಿಲ್ಲ. ಅಲ್ಲಲ್ಲಿ ಆನಿಕೆ ಕೊಟ್ಟು, ಸುಮಾರು ಅರ್ಧ ಮೈಲಿ ಹಳಿ ಹೊಸದಾಗಿ ಹಾಸಿ, ತಂತಿ ಮತ್ತು ಸಿಗ್ನಲ್ ಬದಲಿಸಿದ್ದೇ ರಿಪೇರಿ.

ಇಟ್ಟಿಗೆ ಯಾಕೆ ತಡೆದುಕೊಂಡಿತು? ಉತ್ತರ ನಮ್ಮ ಊರಿನ ಇಟ್ಟಿಗೆ ಗೂಡಿನಲ್ಲೇ ಇದೆ. ಇಟ್ಟಿಗೆ ಎಂದರೆ ಆಗಲೇ ಒಮ್ಮೆ ಬೆಂಕಿಯನ್ನು ಹೊಕ್ಕು ಬಂದ ಮಣ್ಣು. ಸಾವಿರ ಡಿಗ್ರಿಯ ಸುಮಾರಿನ ಗೂಡಿನಲ್ಲಿ ದಿನಗಟ್ಟಲೆ ಬೆಂದು, ಒಳಗಿನ ತೇವವನ್ನೆಲ್ಲ ಕಳೆದುಕೊಂಡು ಬಂದದ್ದಕ್ಕೆ ಮತ್ತೊಂದು ಸಾವಿರ ಡಿಗ್ರಿಯಿಂದ ಅಷ್ಟಾಗಿ ಆಗಬೇಕಾದ್ದೇನೂ ಇರುವುದಿಲ್ಲ. ಜೊತೆಗೆ ಅದು ಶಾಖವನ್ನು ಬಲು ನಿಧಾನವಾಗಿ ಒಳಗೆ ಬಿಡುತ್ತದೆ. ಮುಖದ ಇಟ್ಟಿಗೆ ಕರಗುತ್ತಿದ್ದರೂ ಅದರ ಹಿಂದಿನ ಸುತ್ತಿನ ಇಟ್ಟಿಗೆಗೆ ಬಿಸಿ ಮುಟ್ಟಲು ಹೊತ್ತು ಹಿಡಿಯುತ್ತದೆ. ಸುರಂಗದ ಗೋಡೆ ಒಂದರ ಹಿಂದೆ ಒಂದು ಸುತ್ತಾಗಿ ಕಟ್ಟಿದ್ದು. ಒಂದು ಹೋದರೆ ಇನ್ನೊಂದು. ಮೂರನೆಯದಾಗಿ, ಕಮಾನು ನಿಂತಿರುವುದೇ ಒತ್ತಡದ ಬಲದಿಂದ. ಕಾದು ಹಿಗ್ಗಿದ ಇಟ್ಟಿಗೆಗಳು ಒಂದನ್ನೊಂದು ಇನ್ನಷ್ಟು ಬಿಗಿಯಾಗಿ ಒತ್ತುತ್ತವೆ.

ಇಟ್ಟಿಗೆಗೆ ಸಲ್ಲುವ ಕೀರ್ತಿಯಲ್ಲಿ ಒಂದು ಪಾಲು ಬಾವಿಗಳಿಗೂ ಸಲ್ಲಬೇಕು. ಅಗೆತಕ್ಕಾಗಿ ತೋಡಿದ ಅವುಗಳಲ್ಲಿ ಹೆಚ್ಚಿನವನ್ನು ಉಗಿಬಂಡಿಯ ಹೊಗೆ ಹೋಗಲೆಂದು ತೆರೆದು ಬಿಟ್ಟಿದ್ದರು. ಬ್ರಿಟಿಷ್ ರೈಲ್ವೆಯ ಮುಖ್ಯ ಮಾರ್ಗಗಳಲ್ಲಿ ಉಗಿಬಂಡಿ 1968ರಲ್ಲಿ ನಿಂತುಹೋದ ಮೇಲೆ ಬಾವಿಗಳಿಗೆ ಹೇಳಿಕೊಳ್ಳುವಂಥ ಕೆಲಸವಿರಲಿಲ್ಲ. 1984ರಲ್ಲಿ ಅವೇ ಚಿಮಣಿಗಳಾಗಿ ಶಾಖವನ್ನೂ ಒತ್ತಡವನ್ನೂ ಆಕಾಶಕ್ಕೆ ಬಿಟ್ಟವು.

ಇನ್ನು ಮಗನ ಸೇತುವೆಯ ಕಥೆ.

ರಾಬರ್ಟ್ ಸ್ಟೀಫನ್‌ಸನ್ ತಂದೆಗಿಂತ ಹೆಚ್ಚು ಓದಿದವನು. ಭಾರತದ ಮೊದಲ ರೈಲು ಓಡಿಸಿದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಗೂ ಅವನು ಸಲಹೆಗಾರ ಎಂಜಿನಿಯರ್. ಅದರ ಮುಖ್ಯ ಎಂಜಿನಿಯರಾಗಿ ಬಂದು ಭೋರ್ ಘಾಟಿನ ದಾರಿ ರೂಪಿಸಿದ ಜೇಮ್ಸ್ ಬರ್ಕ್ಲಿ ಅವನ ಗರಡಿಯಲ್ಲಿ ಪಳಗಿದವನು. ಆ ಮಾರ್ಗವೇ ಮುಂದೆ 1871ರಲ್ಲಿ ರಾಯಚೂರಿಗೆ ಬಂದು ಮದರಾಸಿನ ಹಳಿಯೊಂದಿಗೆ ಕೂಡಿತು.

ಲಂಡನ್ನಿನಿಂದ ಐರ್ಲೆಂಡಿಗೆ ಹೋಗುವ ಟಪಾಲು ವೇಲ್ಸ್ ದಾಟಿ, ಮೆನಾಯ್ ಜಲಸಂಧಿಯನ್ನು ದಾಟಿ, ಆಂಗ್ಲ್‌ಸೀ ದ್ವೀಪದ ಹಾಲಿಹೆಡ್ ಬಂದರಿಗೆ ಮುಟ್ಟಬೇಕಿತ್ತು. ಅಲ್ಲಿ ರೈಲು ಸೇತುವೆ ಬೇಕು. ಕಮಾನು ಕಟ್ಟೋಣವೆಂದರೆ ನೌಕಾಪಡೆಯ ಅಧಿಕಾರಿಗಳು ಒಪ್ಪಲಿಲ್ಲ. ಹಾಯಿಹಡಗುಗಳ ಪಟಸ್ತಂಭ ತಾಗದಂತೆ ಜಲಸಂಧಿಯ ಉದ್ದಗಲಕ್ಕೂ 100 ಅಡಿ ಎತ್ತರ ತೆರವಿರಬೇಕೆಂದು ಅವರ ಷರತ್ತು. ಕೊನೆಗೆ ರಾಬರ್ಟ್, ವಿಲಿಯಂ ಫೇರ್‌ಬರ್ನ್ ಮತ್ತು ಈಟನ್ ಹಾಡ್ಜ್‌ಕಿನ್ಸನ್ ಅವರ ಪ್ರಯೋಗಗಳ ನೆರವಿನಿಂದ, ಹಿಂದೆಂದೂ ಇಲ್ಲದ ಉಪಾಯ ಕಂಡುಕೊಂಡ: ಕಬ್ಬಿಣದ ತಗಡುಗಳಿಂದ ರಿವೆಟ್ ಹೊಡೆದು ಮಾಡಿದ ಚೌಕಾಕಾರದ ದೈತ್ಯ ಕೊಳವೆ. ರೈಲು ಓಡುವುದು ಆ ಕೊಳವೆಯ ಒಳಗೆ. ಹೋಗಲೊಂದು, ಬರಲೊಂದು ಎಂದು ಎರಡು ಕೊಳವೆ. ನಡುವಿನ ಎರಡು ಅಂಕಣ ತಲಾ 140 ಮೀಟರು. ಸುಮಾರು 1500 ಟನ್ ತೂಕದ ಒಂದೊಂದು ತುಂಡನ್ನೂ ದೋಣಿಗಳ ಮೇಲೆ ತೇಲಿಸಿ ತಂದು, ನೀರೊತ್ತಡದ ಜ್ಯಾಕುಗಳಿಂದ ಎತ್ತಿ ಕೂರಿಸಿದರು. 1850ರಲ್ಲಿ ತೆರೆದ ಬ್ರಿಟಾನಿಯಾ ಸೇತುವೆ ಆ ಕಾಲದ ವಿಸ್ಮಯ.

ಕೊಳವೆಗಳ ಮೇಲೆ ಮಳೆನೀರು ನಿಂತು ತುಕ್ಕು ಹಿಡಿಯದಿರಲೆಂದು ಮರದ ಮಾಡು ಹೊದಿಸಿದ್ದರು. ಮರಕ್ಕೆ ಟಾರು ಬಳಿದ ಗೋಣಿಬಟ್ಟೆ. ವರ್ಷ ವರ್ಷ ಟಾರಿನ ಮೇಲೆ ಟಾರು. ಕಬ್ಬಿಣವನ್ನು ಕಾಪಾಡಲು ಹಾಕಿದ ಹೊದಿಕೆ, ಸೇತುವೆಯ ಈ ತುದಿಯಿಂದ ಆ ತುದಿಗೆ ಎಳೆದ ಬತ್ತಿಯಾಗಿತ್ತು ಎಂಬುದು ಯಾರ ಲಕ್ಷ್ಯಕ್ಕೂ ಬರಲಿಲ್ಲ. 1970ರ ಮೇ 23ರ ರಾತ್ರಿ ಕೆಲವು ಹುಡುಗರು ಬಾವಲಿ ಹುಡುಕಲೆಂದು ಕೊಳವೆಯೊಳಗೆ ಹೋದರು. ಬೆಳಕಿಗೆ ಹಿಡಿದಿದ್ದ ಪಂಜು ಕೈಜಾರಿತು. ಅಷ್ಟೇ. ಅಷ್ಟೆತ್ತರಕ್ಕೆ ನೀರು ಏರಿಸುವ ಅನುಕೂಲ ಅಗ್ನಿಶಾಮಕ ದಳಕ್ಕಿರಲಿಲ್ಲ. ದಡದ ಕಡೆಯಿಂದ ದ್ವೀಪದ ಕಡೆಗೆ ಮಾಡು ಉದ್ದಕ್ಕೂ ಉರಿದುಹೋಯಿತು.

ಇಲ್ಲಿ ಉರಿದದ್ದು ರೈಲಿನ ಇಂಧನವಲ್ಲ, ಟಾರು ಮತ್ತು ಮರ. ಆದರೆ ಕಬ್ಬಿಣಕ್ಕೆ ಆ ವ್ಯತ್ಯಾಸ ತಿಳಿಯದು. ಎಷ್ಟು ಬಿಸಿ, ಎಷ್ಟು ಹೊತ್ತು ಎಂಬುದಷ್ಟೇ ಅದರ ಲೆಕ್ಕ. ಕಬ್ಬಿಣ, ಉಕ್ಕು ಕರಗಿದರೆ ಮಾತ್ರ ಸೇತುವೆಗೆ ಅಪಾಯ ಎಂದುಕೊಳ್ಳುವವರುಂಟು. ಅದು ತಪ್ಪು. ಸೇತುವೆಯ ಉಕ್ಕು 550ರಿಂದ 600 ಡಿಗ್ರಿಗೆ ಬರುವಷ್ಟರಲ್ಲಿ ಹೆಚ್ಚುಕಡಿಮೆ ಅರ್ಧ ಬಲ ಕಳೆದುಕೊಂಡಿರುತ್ತದೆ. ಬಯಲಿನಲ್ಲಿ ಉರಿಯುವ ಪೆಟ್ರೋಲು ಸಾವಿರ ಡಿಗ್ರಿ ಮುಟ್ಟುವುದು ನಿಮಿಷಗಳ ಮಾತು. ಕರಗುವುದಕ್ಕೆ ಬಹಳ ಮೊದಲೇ ತೊಲೆ ತನ್ನ ಭಾರಕ್ಕೇ ಬಗ್ಗುತ್ತದೆ.

ಬಾಗುವುದಕ್ಕಿಂತಲೂ ಹಿಗ್ಗು-ಕುಗ್ಗುವಿಕೆಯ ಕಾಟ ದೊಡ್ಡದು. ಎತ್ತಿನಗಾಡಿಯ ಚಕ್ರಕ್ಕೆ ಹಳಿ ಕೂರಿಸುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಕಬ್ಬಿಣದ ಪಟ್ಟಿಯನ್ನು ಬೆರಣಿಯ ಉರಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ಮರದ ಚಕ್ರಕ್ಕೆ ತೊಡಿಸಿ, ಮೇಲೆ ನೀರು ಸುರಿಯುತ್ತಾರೆ. ಚುಯ್ ಎಂದು ಕುಗ್ಗಿದ ಪಟ್ಟಿ ಕೀಲುಗಳನ್ನೆಲ್ಲ ಅಮುಕಿ ಹಿಡಿಯುತ್ತದೆ. (ರೈಲಿನ ಕಂಬಿಗೂ ಗಾಡಿಯ ಪಟ್ಟಿಗೂ ಕನ್ನಡ ಒಂದೇ ಹೆಸರು ಕೊಟ್ಟಿರುವುದು ಈ ಮಟ್ಟಿಗೆ ಸಾರ್ಥಕ.) ನೂರು ಮೀಟರಿನ ತೊಲೆಯನ್ನು 500 ಡಿಗ್ರಿ ಹೆಚ್ಚು ಕಾಯಿಸಿದರೆ ಅದು ಸುಮಾರು 60 ಸೆಂಟಿಮೀಟರು ಬೆಳೆಯುತ್ತದೆ. ಬೇಸಿಗೆ-ಚಳಿಗಾಲದ ಏರುಪೇರಿಗೆಂದು ಬಿಟ್ಟ ಸಂದಿ ಇದಕ್ಕೆ ಏತಕ್ಕೂ ಸಾಲದು. ಜಾಗವಿಲ್ಲದ ತೊಲೆ ತಿರುಚಿಕೊಳ್ಳುತ್ತದೆ. ಆರುವಾಗ ಕುಗ್ಗಿ ತನ್ನ ಕೀಲುಗಳನ್ನು ತಾನೇ ಹರಿದುಕೊಳ್ಳುತ್ತದೆ.

ಬ್ರಿಟಾನಿಯಾಕ್ಕೆ ಆದದ್ದು ಇಂಥದೇ. ರಾಬರ್ಟನ ಜಾಣತನ ಇದ್ದದ್ದು ನಾಲ್ಕು ಅಂಕಣದ ತುಂಡುಗಳನ್ನು ಗೋಪುರಗಳೊಳಗೆ ಒಂದಕ್ಕೊಂದು ಬಿಗಿದು, ಉದ್ದಕ್ಕೂ ಒಂದೇ ತೊಲೆಯಾಗಿ ಮಾಡಿದ್ದರಲ್ಲಿ. ಆಗ ಒಂದು ಅಂಕಣದ ಭಾರವನ್ನು ಪಕ್ಕದ್ದು ಎತ್ತಿಹಿಡಿಯುತ್ತಿತ್ತು. ಬೆಂಕಿ ಆ ಬೆಸುಗೆಗಳನ್ನೇ ಸೀಳಿತು. ಬಿಡಿಬಿಡಿಯಾದ ದೊಡ್ಡ ಕೊಳವೆಗಳು ನಡುವಿನಲ್ಲಿ ಜೋತುಬಿದ್ದವು. ಬೀಳಲಿಲ್ಲ, ಆದರೆ ಯಾವಾಗ ಬಿದ್ದಾವೋ ಹೇಳುವಂತಿರಲಿಲ್ಲ. 120 ವರ್ಷಗಳ ಹಿಂದೆ ಜ್ಯಾಕುಗಳಿಗಾಗಿ ಗೋಪುರಗಳಲ್ಲಿ ಬಿಟ್ಟಿದ್ದ ಎತ್ತರದ ಗೂಡುಗಳಲ್ಲಿ ಸೈನ್ಯದ ಎಂಜಿನಿಯರುಗಳು ಬೇಯ್ಲಿ ಸೇತುವೆಯ ಬಿಡಿಭಾಗಗಳನ್ನು ಕಂಬದಂತೆ ನಿಲ್ಲಿಸಿ ಕೊಳವೆಗಳಿಗೆ ತಾತ್ಕಾಲಿಕ ಆನಿಕೆ ಕೊಟ್ಟರು. ಆಂಗ್ಲ್‌ಸೀ ದ್ವೀಪಕ್ಕೆ ರೈಲು ಸಂಪರ್ಕ 20 ತಿಂಗಳು ಕಡಿದುಹೋಯಿತು. ಅದೇ ವರ್ಷದ ಜನವರಿಯಲ್ಲಿ ಮುಚ್ಚಿದ್ದ ಕರ್ನಾರ್ವನ್ ನಿಲ್ದಾಣವನ್ನು, ಹಾಲಿಹೆಡ್ಡಿನ ಸರಕು ಇಳಿಸಲೆಂದು, ಮತ್ತೆ ತೆರೆಯಬೇಕಾಯಿತು.

1972ರ ಜನವರಿ 30ರಂದು ರೈಲು ಮತ್ತೆ ಓಡಿದ್ದು ಹೊಸ ಉಕ್ಕಿನ ಕಮಾನುಗಳ ಮೇಲೆ. 1980ರಲ್ಲಿ ಅದರ ಮೇಲೊಂದು ರಸ್ತೆಯೂ ಬಂತು. ನೌಕಾಪಡೆ ಬೇಡವೆಂದಿದ್ದ ಕಮಾನು ಸೇತುವೆ ಕೊನೆಗೂ ಆಗಿಯೇ ಆಯಿತು. ಅಷ್ಟರಲ್ಲಿ ಎತ್ತರದ ಹಾಯಿಹಡಗುಗಳ ಕಾಲವೇ ಮುಗಿದಿತ್ತು. ರಾಬರ್ಟನ ಕಲ್ಲಿನ ಗೋಪುರಗಳು ಹಾಗೆಯೇ ಉಳಿದವು, ಕೊಳವೆಗಳನ್ನು ಕಳಚಿಹಾಕಿದರು. ಕೊಳವೆಯ ಕಲ್ಪನೆಯೇ ದುರ್ಬಲವಾಗಿತ್ತೆನ್ನಲು ಬರುವುದಿಲ್ಲ. ಹತ್ತಿರದ ಕಾನ್ವಿಯಲ್ಲಿ ಅವನೇ ಕಟ್ಟಿದ ಚಿಕ್ಕ ಕೊಳವೆ ಸೇತುವೆಯ ಮೇಲೆ, 1899ರಲ್ಲಿ ಸೇರಿಸಿದ ಎರಡು ಕಂಬಗಳ ಆಸರೆಯೊಂದಿಗೆ, ರೈಲುಗಳು ಇಂದಿಗೂ ಓಡುತ್ತಿವೆ.

ಕಾಂಕ್ರೀಟಿನ ಸಂಗತಿ ಬೇರೆ. ಅದು ಉರಿಯುವುದಿಲ್ಲ, ಶಾಖವನ್ನೂ ಬೇಗ ಒಳಗೆ ಬಿಡುವುದಿಲ್ಲ. ಆದರೆ ಅದರೊಳಗೆ ತೇವವಿದೆ. ಥಟ್ಟನೆ ಕಾದಾಗ ಆ ತೇವ ಆವಿಯಾಗಿ, ಹೊರಬರಲು ದಾರಿಯಿಲ್ಲದೆ, ಮೇಲ್ಪದರವನ್ನು ಸಿಡಿಸಿ ಎಸೆಯುತ್ತದೆ. ಬಾಣಲೆಯಲ್ಲಿ ಜೋಳದ ಅರಳು ಸಿಡಿದಂತೆ. ಒಂದು ಪದರ ಹೋದರೆ ಒಳಗಿನದು ಬಯಲಾಗಿ ಅದೂ ಸಿಡಿಯುತ್ತದೆ. ವಿಪರ್ಯಾಸವೆಂದರೆ ಕಾಂಕ್ರೀಟು ಗಟ್ಟಿಯಾದಷ್ಟೂ, ರಂಧ್ರ ಕಡಿಮೆಯಾದಷ್ಟೂ ಈ ಕಾಟ ಹೆಚ್ಚು. 1996ರ ನವೆಂಬರ್ 18ರಂದು ಇಂಗ್ಲಿಷ್ ಕಾಲುವೆಯ ಸುರಂಗದಲ್ಲಿ ಲಾರಿ ಹೊತ್ತ ರೈಲಿಗೆ ಬೆಂಕಿ ಬಿದ್ದಾಗ, ಅತ್ಯುತ್ತಮ ದರ್ಜೆಯ ಕಾಂಕ್ರೀಟಿನ ಒಳಗೋಡೆ ಕೆಲವೆಡೆ ಬಹುಪಾಲು ದಪ್ಪವನ್ನೇ ಕಳೆದುಕೊಂಡಿತ್ತು. ಸ್ಟೀಫನ್‌ಸನ್ನನ ಇಟ್ಟಿಗೆಯ ಮುಂದೆ ಇದು ನಾಚಿಕೆಯ ಮಾತೇ. ಈಗ ಇಂಥ ಕಾಂಕ್ರೀಟಿಗೆ ಪಾಲಿಪ್ರೊಪಿಲೀನ್ ಎಳೆಗಳನ್ನು ಬೆರೆಸುವ ರೂಢಿ ಬಂದಿದೆ. ಬೆಂಕಿಯಲ್ಲಿ ಎಳೆ ಕರಗಿಹೋಗಿ, ಆ ಸಣ್ಣ ಕೊಳವೆಗಳಲ್ಲಿ ಆವಿ ಹೊರಬೀಳುತ್ತದೆ. ಕಾಂಕ್ರೀಟು ತನ್ನ ಜ್ವರವನ್ನು ಬಣ್ಣದಲ್ಲೂ ಹೇಳುತ್ತದೆ: ಹಲವು ಬಗೆಯವು 300 ಡಿಗ್ರಿ ದಾಟಿದ ಮೇಲೆ ನಸುಗುಲಾಬಿಗೆ ತಿರುಗುತ್ತವೆ. ಗುಲಾಬಿ ಎಷ್ಟು ಆಳಕ್ಕಿದೆ ಎಂದು ಕೊರೆದು ನೋಡಿ ಎಂಜಿನಿಯರುಗಳು ತೀರ್ಮಾನಕ್ಕೆ ಬರುತ್ತಾರೆ.

ಎಲ್ಲಕ್ಕಿಂತ ಕಡಿಮೆ ಗಮನ ಸಿಗುವುದು ಹಳಿಯ ಕೆಳಗಿನ ಹಾಸಿಗೆಗೆ. ಹಳಿ, ಅದರಡಿ ಸ್ಲೀಪರು, ಅದರಡಿ ಜಲ್ಲಿ, ಅದರಡಿ ಮಣ್ಣಿನ ಏರಿ. ಜಲ್ಲಿಯ ಕೆಲಸ ಭಾರ ಹಂಚುವುದು ಮತ್ತು ಮಳೆನೀರನ್ನು ಕೂಡಲೇ ಕೆಳಗಿಳಿಸುವುದು. ನೀರನ್ನು ಇಳಿಸುವ ಸಂದಿ ಪೆಟ್ರೋಲನ್ನೂ ಇಳಿಸುತ್ತದೆ. ಚೆಲ್ಲಿದ ಇಂಧನ ಜಲ್ಲಿಯೊಳಗೆ ಅಡಗಿ, ಮೇಲೆ ದೀಪದ ಬತ್ತಿಯಂತೆ ಉರಿಯುತ್ತದೆ. ನೊರೆ ಹೊಡೆದು ಆರಿಸಿದರೂ ಪಕ್ಕದಲ್ಲೆಲ್ಲೋ ಏಳುತ್ತದೆ. ಸಮಿಟ್ ಸುರಂಗದ ಸಿಬ್ಬಂದಿ ಮೊದಲು ಕಂಡದ್ದು ಇದನ್ನೇ. ಸೇತುವೆಯ ಮೇಲಾದರೆ ಇದೇ ಇಂಧನ ನೀರು ಹೋಗುವ ತೂತುಗಳಿಂದ ಇಳಿದು ತೊಲೆಗಳ ಕೆಳಗೆ ಉರಿಯಬಹುದು. ಮೇಲಿನ ಉರಿಯಿಂದ ಜಲ್ಲಿ ಸೇತುವೆಯನ್ನು ಒಂದಿಷ್ಟು ಮರೆಮಾಡುತ್ತದೆ, ಕೆಳಗಿನ ಉರಿಗೆ ಮರೆಯಿಲ್ಲ.

ಜಲ್ಲಿಕಲ್ಲಿಗೆ ಬೆಂಕಿ ಏನು ಮಾಡೀತು ಎನ್ನುವಂತಿಲ್ಲ. ಬೆಂಗಳೂರಿನ ಸುತ್ತಮುತ್ತ ಕಲ್ಲುಕುಟಿಗರು ಬಂಡೆಯ ಮೇಲೆ ಸೌದೆ ಉರಿಸುತ್ತ ಸರಿಸಿ, ಚಪ್ಪಡಿಯನ್ನು ಪದರವಾಗಿ ಎಬ್ಬಿಸುತ್ತಿದ್ದದ್ದು ಹಳೆಯ ವಿದ್ಯೆ. ಗ್ರಾನೈಟಿನೊಳಗಿನ ಬೆಣಚು 573 ಡಿಗ್ರಿಯಲ್ಲಿ ತನ್ನ ರಚನೆ ಬದಲಿಸಿ ಹಿಗ್ಗುತ್ತದೆ. ಪಕ್ಕದ ಖನಿಜಗಳು ಅಷ್ಟು ಹಿಗ್ಗುವುದಿಲ್ಲ, ಕಲ್ಲು ಒಳಗಿನಿಂದ ಬಿರಿಯುತ್ತದೆ. ಸುಣ್ಣಕಲ್ಲಾದರೆ ಇನ್ನಷ್ಟು ಕಷ್ಟ: 800 ಡಿಗ್ರಿ ದಾಟಿದರೆ ಅದು ಸುಣ್ಣದ ಗೂಡಿನಲ್ಲಿ ಆಗುವಂತೆ ಸುಟ್ಟಸುಣ್ಣವೇ ಆಗತೊಡಗುತ್ತದೆ. ಬಿರಿದ ಜಲ್ಲಿ ರೈಲಿನ ಭಾರಕ್ಕೆ ಪುಡಿಯಾಗಿ, ಪುಡಿ ಸಂದಿ ತುಂಬಿ, ನೀರು ನಿಲ್ಲುತ್ತದೆ. ಉರಿಯದೆ ಉಳಿದ ಡೀಸೆಲ್ ಆ ಪುಡಿಯನ್ನು ಕೆಸರು ಮಾಡಿ ಕಲ್ಲುಗಳ ಹಿಡಿತ ಜಾರಿಸುತ್ತದೆ. ಇನ್ನೂ ಕೆಳಗಿಳಿದು ಮಣ್ಣಿಗೂ ಬಾವಿನೀರಿಗೂ ಸೇರಬಲ್ಲದು. ಏರಿಯ ಮಣ್ಣಿಗೆ ಮಾತ್ರ ಶಾಖದಿಂದ ದೊಡ್ಡ ತೊಂದರೆಯಿಲ್ಲ. ಬಿಸಿ ಮೇಲಕ್ಕೇ ಹೋಗುತ್ತದೆ, ಹಸಿಮಣ್ಣು ಬೇಗ ಕಾಯುವುದೂ ಇಲ್ಲ.

ಹಳಿಯನ್ನು ಮಾತ್ರ ಯಾವ ರೈಲ್ವೆಯೂ ನಂಬುವುದಿಲ್ಲ. ಈಗಿನ ಹಳಿಗಳು ಬೆಸೆದು ಉದ್ದಕ್ಕೂ ಒಂದಾದವು. ಕೊಟ್ಟ ಉಷ್ಣತೆಯೊಂದರಲ್ಲಿ ಅವನ್ನು ಬಿಗಿದಿರುತ್ತಾರೆ. ಅದಕ್ಕಿಂತ ಒಂದೊಂದು ಡಿಗ್ರಿ ಏರಿದಂತೆಲ್ಲ, ಮೀಟರಿಗೆ 60 ಕಿಲೋ ತೂಗುವ ಹಳಿಯಲ್ಲಿ ಸುಮಾರು ಎರಡು ಟನ್ನಿನಷ್ಟು ಒತ್ತಡ ಕೂಡುತ್ತದೆ. ಬಿಸಿಲಿಗೇ ಹಳಿ ಹಾವಿನಂತೆ ಬಳುಕುವುದುಂಟು, ಬೆಂಕಿಗೆ ಕೇಳುವುದೇನು. ಬೆಂಕಿಯಲ್ಲಿ ಬಳುಕದೆ ಉಳಿದ ಹಳಿಯೂ ಕಾರ್ಖಾನೆಯಲ್ಲಿ ಪಡೆದ ಗಡಸುತನ ಕಳೆದುಕೊಂಡಿರಬಹುದು, ನೀರು ಬಿದ್ದ ಜಾಗದಲ್ಲಿ ಗಾಜಿನಂತೆ ಪೆಡಸಾಗಿರಬಹುದು. ಸ್ಲೀಪರಿನ ಗತಿಯೂ ಅದೇ. ಹಳೆಯ ಮರದ ಸ್ಲೀಪರು ಕ್ರಿಯೊಸೋಟ್ ಎಣ್ಣೆ ಕುಡಿದದ್ದು, ತಾನೇ ಸೌದೆ. ಕಾಂಕ್ರೀಟಿನ ಸ್ಲೀಪರಿನ ಬಲವಿರುವುದು ಒಳಗೆ ಎಳೆದು ಬಿಗಿದ ಉಕ್ಕಿನ ತಂತಿಗಳಲ್ಲಿ. ಈ ತಂತಿ 400 ಡಿಗ್ರಿಯ ಸುಮಾರಿಗೇ ಅರ್ಧ ಸೋಲುತ್ತದೆ, ಆರಿದ ಮೇಲೂ ಹಿಂದಿನ ಬಿಗಿ ಬರುವುದಿಲ್ಲ. ಹೊರಗಿನಿಂದ ನೋಡಿದರೆ ಸ್ಲೀಪರು ಇದ್ದಂತೆಯೇ ಇರುತ್ತದೆ. ಹಳಿಯಡಿಯ ರಬ್ಬರಿನ ಮೆತ್ತೆ, ನೈಲಾನಿನ ತುಂಡುಗಳು ಕರಗಿಹೋಗಿರುತ್ತವೆ. ಹಾಗಾಗಿ ಸುಟ್ಟ ಉದ್ದವನ್ನು ಪರೀಕ್ಷಿಸುತ್ತ ಕೂರುವ ಬದಲು ಕಿತ್ತು ಹೊಸದು ಹಾಕುವುದೇ ಅಗ್ಗ. ನೆಲದ ಮೇಲಿನ ಮಾರ್ಗ ಒಂದೆರಡು ದಿನದಲ್ಲಿ ಸಿದ್ಧವಾಗುವುದೂ, ಸೇತುವೆಗೆ ತಿಂಗಳುಗಳು ಹಿಡಿಯುವುದೂ ಇದರಿಂದಲೇ.

ಈ ವ್ಯತ್ಯಾಸ ಇತ್ತೀಚಿನ ಎರಡು ಪ್ರಸಂಗಗಳಲ್ಲಿ ಕಂಡಿದೆ. 2022ರ ಅಕ್ಟೋಬರ್ 8ರಂದು ಕ್ರಿಮಿಯಾದ ಕೆರ್ಚ್ ಸೇತುವೆಯ ರಸ್ತೆಭಾಗದಲ್ಲಿ ಸ್ಫೋಟವಾಗಿ, ಪಕ್ಕದ ರೈಲು ಸೇತುವೆಯ ಮೇಲಿದ್ದ ಇಂಧನದ ಟ್ಯಾಂಕರುಗಳು ಹೊತ್ತಿ ಉರಿದವು. ಒಂದು ಹಳಿಯಲ್ಲಿ ಬೇಗನೆ ರೈಲು ಬಿಟ್ಟರೂ, ಬೆಂದ ಅಂಕಣಗಳನ್ನು ಬದಲಿಸಿ ಎರಡೂ ಹಳಿ ತೆರೆದದ್ದು 2023ರ ಮೇ ತಿಂಗಳಲ್ಲಿ. ಇನ್ನೊಂದು ನಮಗೆ ಹತ್ತಿರದ್ದು. 2025ರ ಜುಲೈ 13ರ ನಸುಕಿನಲ್ಲಿ ಚೆನ್ನೈ ಹೊರಗಿನ ತಿರುವಳ್ಳೂರಿನ ಬಳಿ ಡೀಸೆಲ್ ಹೊತ್ತ ಗೂಡ್ಸ್ ಹಳಿ ತಪ್ಪಿ 18 ಟ್ಯಾಂಕರುಗಳು ಉರಿದವು. ಅಲ್ಲಿಯೂ ಸಿಬ್ಬಂದಿ ಮಾಡಿದ್ದು ಉರಿಯದ ಟ್ಯಾಂಕರುಗಳನ್ನು ಬಿಡಿಸಿ ದೂರ ಒಯ್ಯುವ ಕೆಲಸವನ್ನೇ. ಚೆನ್ನೈಯಿಂದ ಬೆಂಗಳೂರು, ಮೈಸೂರು ಕಡೆಯ ರೈಲುಗಳು ಅಂದು ನಿಂತುಹೋದವು. ಕರ್ನಾಟಕದ ಎಷ್ಟೋ ಪ್ರಯಾಣಿಕರು ಆ ಭಾನುವಾರವನ್ನು ನಿಲ್ದಾಣಗಳಲ್ಲಿ ಕಳೆದರು. ಹಳಿ, ಮೇಲಿನ ವಿದ್ಯುತ್ ತಂತಿ ಎರಡೂ ಸುಟ್ಟಿದ್ದವು. ಆದರೆ ಅದು ನೆಲದ ಮೇಲಿನ ಮಾರ್ಗ. ಮರುದಿನವೇ ರೈಲುಗಳು ನಿಧಾನವಾಗಿ ಹೊರಟವು.

ಬ್ರಿಟಾನಿಯಾದ ಹಳೆಯ ಕೊಳವೆಯ ಒಂದು ತುಂಡನ್ನು ಈಗಿನ ಸೇತುವೆಯ ಬಳಿ ನೋಡುಗರಿಗೆಂದು ಇರಿಸಿದ್ದಾರೆ. ಸಮಿಟ್ ಸುರಂಗದಲ್ಲಿ ಅಂಥ ಸ್ಮಾರಕ ಬೇಕಾಗಲಿಲ್ಲ. 1985ರ ಆಗಸ್ಟಿನಲ್ಲಿ ಮಾರ್ಗ ಮತ್ತೆ ತೆರೆಯುವ ಮುನ್ನ ಸುತ್ತಲಿನ ಊರವರಿಗೆ ಒಮ್ಮೆ ಅದರೊಳಗೆ ನಡೆದುಹೋಗಲು ಅವಕಾಶ ಸಿಕ್ಕಿತ್ತು. ಮಸಿ ಹಿಡಿದ ಕಮಾನಿನ ಕೆಳಗೆ, ಹೊಸ ಹಳಿಗಳ ಪಕ್ಕದಲ್ಲಿ, ಅವರು ಈ ತುದಿಯಿಂದ ಆ ತುದಿಗೆ ನಡೆದರು. ಆಗಸ್ಟ್ 19ರಿಂದ ಮ್ಯಾಂಚೆಸ್ಟರಿನ ರೈಲುಗಳು ಅದೇ ದಾರಿಯಲ್ಲಿ ಓಡತೊಡಗಿದವು.